ಸೈನ್ಯಾಧಿಕಾರಿಯೂ ಸ್ನಾತಕೋತ್ತರ ಪದವಿಯೂ

ಸೈನ್ಯದ ಅಧಿಕಾರಿಗಳಿಗೆ ಶಿಕ್ಷಣ ಕೊಡುವ ವಿದ್ಯಾಲಯಗಳು ಸ್ನಾತಕೋತ್ತರ ಪದವಿಯನ್ನೂ ಕೊಡಬಹುದೇ? ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಈ ಪ್ರಶ್ನೆಯ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸೀತು. ಆದರೆ ಪದವಿ ಎಂದರೇನು, ಅದನ್ನು ಕೊಡುವ ಅಧಿಕಾರ ಯಾರಿಗೆ ಸಲ್ಲುತ್ತದೆ ಎಂಬುದು ಅಧ್ಯಾಪಕನಾದವನು ಆಯುಷ್ಯವೆಲ್ಲ ಯೋಚಿಸಬೇಕಾದ ವಿಷಯ. ಅಲ್ಲದೆ, ಶಸ್ತ್ರವೂ ಶಾಸ್ತ್ರವೂ ಒಂದೇ ಕೈಯಲ್ಲಿ ಇರಲಾರವೆಂದು ಕನ್ನಡಿಗರು ಎಂದೂ ಭಾವಿಸಿದವರಲ್ಲ. ಪಂಪನು ಕವಿಯೂ ಹೌದು, ಕಲಿಯೂ ಹೌದು. ಗಂಗರ ಸೇನಾನಿ ಚಾವುಂಡರಾಯ 978ರಲ್ಲಿ ಬರೆದ ಪುರಾಣ ನಮ್ಮ ಹಳೆಯ ಗದ್ಯಗ್ರಂಥಗಳಲ್ಲಿ ಗಣ್ಯವಾದುದು. ಅದನ್ನು ತೂಗಿ ನೋಡಿ ಬೆಲೆ ಕಟ್ಟಿದವರು ಅವನ ಕೈಕೆಳಗಿನ ಸೈನಿಕರಲ್ಲ, ವಿದ್ವಾಂಸರು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಯುರೋಪಿನ ಚರಿತ್ರೆಯತ್ತ ತಿರುಗೋಣ.

1806ರಲ್ಲಿ ಯೇನಾ ರಣರಂಗದಲ್ಲಿ ನೆಪೋಲಿಯನ್ನನು ಪ್ರಷ್ಯದ ಸೈನ್ಯವನ್ನು ನುಚ್ಚುನೂರು ಮಾಡಿದ. ಕುಲೀನ ಮನೆತನದಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬ ಸೇನಾನಾಯಕನಾಗಲಾರ ಎಂಬ ಪಾಠವನ್ನು ಪ್ರಷ್ಯ ಆ ಸೋಲಿನಿಂದ ಕಲಿಯಿತು. ಶಾರ್ನ್‌ಹಾರ್ಸ್ಟ್ ಎಂಬ ಸೇನಾಪತಿಯ ಪ್ರಯತ್ನದಿಂದ 1810ರಲ್ಲಿ ಬರ್ಲಿನ್ನಿನಲ್ಲಿ ಯುದ್ಧವಿದ್ಯಾಲಯವೊಂದು ಪ್ರಾರಂಭವಾಯಿತು. ಅದೇ ವರ್ಷ, ಅದೇ ನಗರದಲ್ಲಿ, ಹುಂಬೋಲ್ಟ್ ಕಲ್ಪಿಸಿದ ವಿಶ್ವವಿದ್ಯಾಲಯವೂ ಬಾಗಿಲು ತೆರೆಯಿತು. ಒಂದೇ ಸೋಲಿನ ಅನಂತರ ಹುಟ್ಟಿದ ಈ ಎರಡು ಸಂಸ್ಥೆಗಳು ಅವಳಿಗಳಿದ್ದಂತೆ. ಯುದ್ಧವಿದ್ಯಾಲಯದಲ್ಲಿಯೂ ಗಣಿತ, ಇತಿಹಾಸ ಮೊದಲಾದ ವಿಷಯಗಳಿಗೆ ಗೌರವದ ಸ್ಥಾನವಿತ್ತು. ಯುದ್ಧವನ್ನು ಕುರಿತ ಮಹಾಗ್ರಂಥದ ಕರ್ತೃ ಕ್ಲಾಸ್‌ವಿಟ್ಸ್ 1818ರಿಂದ 1830ರವರೆಗೆ ಅದರ ನಿರ್ದೇಶಕನಾಗಿದ್ದ. ಆದರೆ ಅವನಿಗಿದ್ದುದು ಆಡಳಿತದ ಹೊಣೆ ಮಾತ್ರ. ಪಾಠಕ್ರಮದಲ್ಲಿ ಅವನ ಮಾತು ಹೆಚ್ಚು ನಡೆಯಲಿಲ್ಲ. ಅವನ ಗ್ರಂಥ ಬೆಳಕು ಕಂಡದ್ದೂ ಅವನು ತೀರಿಕೊಂಡ ಮೇಲೆ, 1832ರಲ್ಲಿ.

1872ರಲ್ಲಿ ಈ ವಿದ್ಯಾಲಯ ಶಿಕ್ಷಣ ವಿಭಾಗದ ಕೈಯಿಂದ ನೇರವಾಗಿ ಸೈನ್ಯದ ಮುಖ್ಯಾಲೋಚನಾ ಮಂಡಲಿಯ ಅಧೀನಕ್ಕೆ ಬಂದಿತು. ಕ್ರಮೇಣ ಸಾಮಾನ್ಯ ವಿದ್ಯೆ ಹಿಂದೆ ಸರಿದು ರಣತಂತ್ರವೇ ಪಾಠದ ತಿರುಳಾಯಿತು. ಕಾಳಗವನ್ನು ಹೇಗೆ ನಡೆಸಬೇಕೆಂಬುದರಲ್ಲಿ ಅಲ್ಲಿ ಕಲಿತವರನ್ನು ಮೀರಿಸಿದವರಿಲ್ಲ. ಆದರೆ ಆ ಕಾಳಗ ರಾಷ್ಟ್ರಕ್ಕೆ ಬೇಕೇ ಎಂದು ಕೇಳುವ ಅಭ್ಯಾಸ ಅವರಲ್ಲಿ ಬೆಳೆಯಲಿಲ್ಲ. ಎರಡು ಮಹಾಯುದ್ಧಗಳ ಬೆಲೆ ತೆತ್ತ ಪಶ್ಚಿಮ ಜರ್ಮನಿ 1973ರಲ್ಲಿ ಬೇರೊಂದು ದಾರಿ ಹಿಡಿಯಿತು. ಹ್ಯಾಂಬರ್ಗ್ ಮತ್ತು ಮ್ಯೂನಿಕ್ ನಗರಗಳಲ್ಲಿ ಸೈನ್ಯಾಧಿಕಾರಿಗಳಿಗೆಂದೇ ಉಚ್ಚ ಶಿಕ್ಷಣ ಸಂಸ್ಥೆಗಳನ್ನು ತೆರೆದು, ಅರ್ಥಶಾಸ್ತ್ರ, ಎಂಜಿನಿಯರಿಂಗ್, ಶಿಕ್ಷಣಶಾಸ್ತ್ರಗಳನ್ನು ನಾಗರಿಕ ಪ್ರಾಧ್ಯಾಪಕರಿಂದಲೇ ಕಲಿಸುವ ಏರ್ಪಾಡು ಮಾಡಿತು.

ಅಮೆರಿಕದ ಕಥೆ ಬೇರೆ. ಅಲ್ಲಿ ಸೇನಾ ವಿದ್ಯಾಲಯಕ್ಕೇ ಪದವಿ ಕೊಡುವ ಅಧಿಕಾರವನ್ನು ಕೊಡುತ್ತ ಬಂದರು. ವೆಸ್ಟ್ ಪಾಯಿಂಟ್ ಶಾಲೆ 1802ರಲ್ಲಿಯೇ ಸ್ಥಾಪಿತವಾಗಿದ್ದರೂ ಬಿ.ಎಸ್ಸಿ. ಪದವಿಗೆ ಶಾಸನಸಭೆಯ ಒಪ್ಪಿಗೆ ದೊರೆತದ್ದು 1933ರಲ್ಲಿ. ಜನರಲ್ ಶರ್ಮನ್ 1881ರಲ್ಲಿ ಲೆವನ್‌ವರ್ತ್ ಕೋಟೆಯಲ್ಲಿ ಸ್ಥಾಪಿಸಿದ ಶಾಲೆ ಮುಂದೆ ಸ್ಟಾಫ್ ಕಾಲೇಜಾಗಿ ಬೆಳೆಯಿತು. ಸೇನಾ ಕಲೆ ಮತ್ತು ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ನೀಡಲು 1974ರಲ್ಲಿ ಅದಕ್ಕೆ ಶಾಸನದ ಅನುಮತಿ ಸಿಕ್ಕಿತು. ಈ ಪದವಿಯನ್ನು ಬಯಸಿದ ಅಧಿಕಾರಿ ಒಂದು ಪ್ರಬಂಧವನ್ನು ಬರೆದು ಸಮರ್ಥಿಸಬೇಕಾಗಿತ್ತು. ಸೇನೆಯ ಹೊರಗಿನ ಶೈಕ್ಷಣಿಕ ಮಂಡಲಿಯೊಂದು ವಿದ್ಯಾಲಯವನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಪದ್ಧತಿಯೂ ಇದೆ. ಸೇನಾ ಶಾಲೆಗಳಲ್ಲಿ ಪ್ರಬಂಧಗಳನ್ನು ಬರೆಯಿಸಿ, ಕಟ್ಟುನಿಟ್ಟಾಗಿ ಅಂಕ ಹಾಕಬೇಕೆಂದು ಸ್ಕೆಲ್ಟನ್ ಎಂಬ ಶಾಸಕರ ಸಮಿತಿ 1989ರಲ್ಲಿ ಒತ್ತಿ ಹೇಳಿತು.

ಇನ್ನು ನಮ್ಮ ದೇಶ. ಲಾರ್ಡ್ ಕಿಚನರ್ 1905ರಲ್ಲಿ ದೇವಲಾಲಿಯಲ್ಲಿ ಆರಂಭಿಸಿದ ಸ್ಟಾಫ್ ಕಾಲೇಜು 1907ರಲ್ಲಿ ಕ್ವೆಟ್ಟಾ ನಗರಕ್ಕೆ ಹೋಯಿತು. ಅಲ್ಲಿ 1933ರಲ್ಲಿ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ ನಮ್ಮ ಕೊಡಗಿನ ಕೆ. ಎಂ. ಕಾರಿಯಪ್ಪನವರು. ದೇಶ ವಿಭಜನೆಯಾದಾಗ ಕ್ವೆಟ್ಟಾ ಪಾಕಿಸ್ತಾನಕ್ಕೆ ಸೇರಿತು. ನಮ್ಮ ಕಾಲೇಜು ನೀಲಗಿರಿಯ ವೆಲ್ಲಿಂಗ್ಟನ್ನಿಗೆ ಬಂದಿತು. ಅದರ ಲಾಂಛನದಲ್ಲಿರುವುದು ಗೂಬೆ. ನಮ್ಮ ಹಳ್ಳಿಗಳಲ್ಲಿ ಗೂಬೆ ಅಪಶಕುನವಾದರೂ ಪಾಶ್ಚಾತ್ಯರಿಗೆ ಅದು ಜ್ಞಾನದೇವತೆಯ ಪಕ್ಷಿ. ವೆಲ್ಲಿಂಗ್ಟನ್ನಿನ ವ್ಯಾಸಂಗಕ್ಕೆ ಎಂ.ಎಸ್ಸಿ. ಪದವಿ ಕೊಡುವುದು ಕಾಲೇಜಲ್ಲ, ಮದ್ರಾಸು ವಿಶ್ವವಿದ್ಯಾಲಯ. ಹಾಗೆಯೇ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್ಟುಗಳಿಗೆ ಪ್ರಥಮ ಪದವಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ್ದು. ರಕ್ಷಣಾ ವಿಶ್ವವಿದ್ಯಾಲಯವೇ ಪ್ರತ್ಯೇಕವಾಗಿ ಬೇಕೆಂಬ ವಾದ ಬಲಗೊಂಡು 2013ರಲ್ಲಿ ಹರಿಯಾಣದ ಬಿನೋಲಾದಲ್ಲಿ ಅದಕ್ಕೆ ಅಸ್ತಿಭಾರ ಹಾಕಿದ್ದೂ ಉಂಟು.

ಪದವಿಯೇ ಬೇಡ ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಪದವಿಗಾಗಿ ಓದುವವನು ಯುದ್ಧಕಲೆಯನ್ನು ಮರೆತಾನು. ಬಿಲ್ಲೆಯ ಜೊತೆಗೆ ಇನ್ನೊಂದು ಬಿಲ್ಲೆಯಂತೆ ಪದವಿಯನ್ನೂ ಹಂಚಿಬಿಟ್ಟಾರು ಎಂಬ ಭಯ ಅವರದು. ಆದರೆ ಅಧಿಕಾರಿಯ ಜೀವನವನ್ನು ನೋಡಿ. ಬಹುಮಂದಿ ಐವತ್ತರ ಆಸುಪಾಸಿನಲ್ಲಿಯೇ ಸಮವಸ್ತ್ರ ಕಳಚಬೇಕಾಗುತ್ತದೆ. ಅಲ್ಪಾವಧಿ ಸೇವೆಗೆ ಸೇರಿದವರು ಹತ್ತು ಹದಿನಾಲ್ಕು ವರ್ಷಗಳಲ್ಲಿ ಮನೆಗೆ ಬರುತ್ತಾರೆ. ಮಕ್ಕಳ ಓದು ಇನ್ನೂ ಮುಗಿದಿರುವುದಿಲ್ಲ. ಅವರು ಪಟ್ಟ ಶ್ರಮಕ್ಕೆ ನಾಗರಿಕ ಲೋಕ ಗುರುತಿಸುವಂಥ ಮುದ್ರೆಯೊಂದು ಇರಲೇಬೇಕಲ್ಲವೆ? ಹೀಗಾಗಿ ಪದವಿ ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರಶ್ನೆ ಇರುವುದು ಕೊಡುವವರು ಯಾರು ಎಂಬಲ್ಲಿ.

ಮಹಾಭಾರತದ ದ್ರೋಣರು ಬಿಲ್ವಿದ್ಯೆಯ ಗುರುಗಳಲ್ಲಿ ಶ್ರೇಷ್ಠರು. ಆದರೆ ಅರಮನೆಯ ಅನ್ನ ಉಂಡವರು. ಏಕಲವ್ಯನ ಕೌಶಲ ಅವರಿಗೆ ಕಾಣಿಸದೆ ಹೋಗಲಿಲ್ಲ. ಕಂಡಮೇಲೆಯೂ ಮೆಚ್ಚಿ ಹರಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ, ಹೆಬ್ಬೆರಳನ್ನೇ ಕೇಳಬೇಕಾಯಿತು. ಮೇಲಧಿಕಾರಿಯೇ ಪರೀಕ್ಷಕನಾದಲ್ಲಿ ಇದೇ ಅಪಾಯ. ಕಳೆದ ಯುದ್ಧದಲ್ಲಿ ಸೇನಾಪತಿ ಎಡವಿದ್ದೆಲ್ಲಿ ಎಂದು ಮೇಜರನೊಬ್ಬ ಪ್ರಬಂಧ ಬರೆದನೆನ್ನಿ. ಅದಕ್ಕೆ ಅಂಕ ಹಾಕುವವನೂ ಅವನ ಬಡ್ತಿಯ ಬಗ್ಗೆ ವರದಿ ಬರೆಯುವವನೂ ಒಬ್ಬನೇ ಆದರೆ, ಆ ಪ್ರಬಂಧದಲ್ಲಿ ಸತ್ಯ ಎಷ್ಟು ಉಳಿದೀತು? ದಂಡಿನಲ್ಲಿ ಆಜ್ಞಾಪಾಲನೆ ಧರ್ಮ; ವಿದ್ಯೆಯಲ್ಲಿ ಸಂಶಯ ಧರ್ಮ. ಒಬ್ಬ ಮನುಷ್ಯ ಎರಡನ್ನೂ ಪಾಲಿಸಬಲ್ಲ. ಆದರೆ ಎರಡಕ್ಕೂ ಒಂದೇ ಪೀಠ ತೀರ್ಪು ಕೊಡುವುದು ಕಷ್ಟ.

ಆದ್ದರಿಂದ ವೆಲ್ಲಿಂಗ್ಟನ್ನಿನಲ್ಲಿ ಪಾಠ, ಮದ್ರಾಸಿನಿಂದ ಪದವಿ ಎಂಬ ವ್ಯವಸ್ಥೆಯನ್ನು ಕೇವಲ ಅನುಕೂಲವೆಂದು ನಾನು ಎಣಿಸುವುದಿಲ್ಲ, ಅದರಲ್ಲಿ ವಿವೇಕವಿದೆ. ಮುಂದೆ ರಕ್ಷಣಾ ವಿಶ್ವವಿದ್ಯಾಲಯವೇ ತಲೆಯೆತ್ತಿದರೂ ಅದರ ಪರೀಕ್ಷಕರಲ್ಲಿ ಹೊರಗಿನ ವಿದ್ವಾಂಸರಿರಲಿ, ಗುಟ್ಟಾಗಿಡಲೇಬೇಕಾದವನ್ನು ಬಿಟ್ಟು ಉಳಿದ ಪ್ರಬಂಧಗಳು ಎಲ್ಲರ ಓದಿಗೂ ದೊರೆಯಲಿ. ಹೊರಗಿನವರು ಕೇವಲ ಸಹಿ ಹಾಕಿ ಕಳುಹಿಸಿದರೆ ಈ ಏರ್ಪಾಡಿಗೂ ಅರ್ಥವಿಲ್ಲ. ಅವರು ಓದಬೇಕು, ಪ್ರಶ್ನಿಸಬೇಕು, ಬೇಕಾದಾಗ ಅನುತ್ತೀರ್ಣಗೊಳಿಸುವ ಧೈರ್ಯವನ್ನೂ ತೋರಬೇಕು. ಹಾಗೆ ಗಳಿಸಿದ ಪದವಿಗೆ ಸೈನ್ಯದ ಒಳಗೂ ಹೊರಗೂ ಬೆಲೆ ಇದ್ದೇ ಇರುತ್ತದೆ.