ಕೋಲಾರದ ಗಣಿಯೂ ನೆರಳನ್ನೋದುವ ವಿದ್ಯೆಯೂ

ಕೋಲಾರದ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿದ್ದುದರಿಂದ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಗಣಿಗಳ ಆಡಳಿತವನ್ನು ಕೈಗೊಂಡ ತರುವಾಯ, ಆ ಕಲ್ಲನ್ನು ಕೊರೆದು ಸಿಡಿಸಿದಾಗಲೆಲ್ಲ ಎದ್ದ ಸೂಕ್ಷ್ಮಧೂಳು ನೆಲದಾಳದಲ್ಲಿ ದುಡಿಯುವವರ ಶ್ವಾಸಕೋಶದೊಳಗೆ ನೆಲೆನಿಂತು, ವರ್ಷಗಳು ಕಳೆದ ಮೇಲೆ ಗಂಟುಗಂಟಾಗಿ ಬಲಿಯುತ್ತಿತ್ತು. ಸಿಲಿಕೋಸಿಸ್ ಎಂಬ ಈ ವ್ಯಾಧಿಯನ್ನು ಜೀವಂತ ದೇಹದಲ್ಲಿಯೇ ಕಾಣಲು ಸಾಧ್ಯವಾದದ್ದು, 1895ರಲ್ಲಿ ರಂಟ್‌ಜನ್ ಕಂಡುಹಿಡಿದ ಕ್ಷ-ಕಿರಣದ ದೆಸೆಯಿಂದ.

1940ರಲ್ಲಿ ಮೈಸೂರು ಸರ್ಕಾರವು ಈ ರೋಗಕ್ಕೆ ಪರಿಹಾರವನ್ನು ವಿಧಿಸಿದಂದಿನಿಂದ ಎದೆಯ ಚಿತ್ರದೊಳಗಿನ ನೆರಳು ವೈದ್ಯನದಷ್ಟೇ ಅಲ್ಲದೆ ಕಾನೂನಿನ ವಿಷಯವೂ ಆಯಿತು. ಆ ದಶಕದಲ್ಲಿ ಪರೀಕ್ಷಿತರಾದ 7653 ಕಾರ್ಮಿಕರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಕಂಡುಬಂದಿತು. ಆದರೆ ಕ್ಷಯವೂ ಅದೇ ಶ್ವಾಸಕೋಶದಲ್ಲಿ, ಬಹುಪಾಲು ಅದೇ ಮೇಲ್ಭಾಗದಲ್ಲಿ ತನ್ನ ನೆರಳನ್ನು ಬೀಳಿಸುತ್ತದೆ. ಧೂಳಿನಿಂದ ಜರ್ಜರಿತವಾದ ಎದೆಯಲ್ಲಿ ಕ್ಷಯ ಸುಲಭವಾಗಿ ಮನೆಮಾಡುವುದರಿಂದ ಎರಡೂ ಒಂದೇ ದೇಹದಲ್ಲಿ ಹೆಣೆದುಕೊಂಡಿರುವುದೂ ಉಂಟು. ಆದುದರಿಂದ ಈತ ಎಷ್ಟು ವರ್ಷ ನೆಲದಡಿ ದುಡಿದನು, ಕೊರೆಯುವ ಕೆಲಸವೋ ಮೇಲಿನ ಕೆಲಸವೋ, ಕಫದಲ್ಲಿ ಕ್ಷಯಾಣುಗಳಿವೆಯೋ ಎಂಬುದನ್ನು ಅರಿಯದೆ ಚಿತ್ರವನ್ನು ಓದಿದವನ ಓದು ಅರ್ಧದ ಓದೆಂದೇ ನನ್ನ ಎಣಿಕೆ.

1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಹಾಕಿದ ಹಾದಿಯಲ್ಲಿ ಈಗ ರೈಲೇರಿ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗುವ ರೋಗಿಯ ಕೈಯಲ್ಲಿ ಮಿದುಳಿನ ಎಂ.ಆರ್.ಐ. ಚಿತ್ರವಿದ್ದರೆ, ಅದರ ಓದಿಗೂ ಇದೇ ಕ್ರಮ ಸಲ್ಲುತ್ತದೆ. 1973ರಲ್ಲಿ ಲಾಟರ್‌ಬರ್ ತೋರಿದ, ಮ್ಯಾನ್ಸ್‌ಫೀಲ್ಡ್ ಬೆಳೆಸಿದ, ಇಬ್ಬರಿಗೂ 2003ರಲ್ಲಿ ನೊಬೆಲ್ ತಂದ ಈ ವಿಧಾನದಲ್ಲಿ ಕ್ಷ-ಕಿರಣವಿಲ್ಲ. ಪ್ರಬಲ ಅಯಸ್ಕಾಂತದೊಳಗೆ ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ಕೊಡುವ ಸಂಕೇತವೇ ಚಿತ್ರವಾಗುತ್ತದೆ. ಒಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆಯು ಅಲ್ಲಿ ನೀರಿನಂಶ ಹೆಚ್ಚಿದೆಯೆಂದು ಸಾಮಾನ್ಯವಾಗಿ ಸೂಚಿಸುತ್ತದೆ. ಏಕೆ ಹೆಚ್ಚಿತೆಂಬುದನ್ನು ತಾನಾಗಿ ಹೇಳದು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತದೊತ್ತಡವುಳ್ಳವರಲ್ಲಿ, ಇಂತಹ ಚುಕ್ಕೆಗಳು ಸರ್ವೇಸಾಮಾನ್ಯ. ಅಕಸ್ಮಾತ್ತಾಗಿ ಫಿಟ್ಸ್ ಬಂದ ತರುಣನ ಮಿದುಳಿನಲ್ಲಿ ಉಂಗುರದಾಕಾರದ ಗುರುತು ಕಂಡರೆ ನಮ್ಮ ದೇಶದ ವೈದ್ಯರ ಮೊದಲ ಶಂಕೆ ಹೋಗುವುದು ಎರಡರತ್ತ: ಒಂದು ಲಾಡಿಹುಳುವಿನ ಮರಿ, ಇನ್ನೊಂದು ಪುನಃ ಅದೇ ಕ್ಷಯ! ಉಂಗುರದೊಳಗೆ ಹುಳುವಿನ ತಲೆಯ ಚುಕ್ಕೆ ಕಂಡರೆ ಮೊದಲನೆಯದೇ ನಿಶ್ಚಯ. ಮಲಿನವಾದ ನೀರು, ಸೊಪ್ಪುಗಳ ಮೂಲಕ ಮೊಟ್ಟೆಗಳು ಒಳಸೇರುವುದರಿಂದ ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಚುಕ್ಕೆ ಕಾಣದಿದ್ದರೆ ಮನೆಯಲ್ಲಿ ಕ್ಷಯವಿತ್ತೇ ಎಂದು ಕೇಳಿ, ಎದೆಯ ಚಿತ್ರ ತೆಗೆಸಿ, ಕೆಲವು ತಿಂಗಳ ಬಳಿಕ ಮಿದುಳಿನ ಚಿತ್ರವನ್ನು ಮತ್ತೊಮ್ಮೆ ಹೋಲಿಸಿ ನೋಡುವುದುಂಟು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದರೂ ಕಸುಬಿನ ಪ್ರಶ್ನೆ ನಿಂತಿಲ್ಲ. ಲೋಹವನ್ನು ಉಜ್ಜುವ, ಬೆಸೆಯುವ ಕೆಲಸದವರನ್ನು, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿತ್ತೇ ಎಂದು ಅಯಸ್ಕಾಂತದ ಕೋಣೆಯ ಬಾಗಿಲಲ್ಲೇ ವಿಚಾರಿಸುತ್ತಾರೆ. ಸಂದೇಹವಿದ್ದಲ್ಲಿ ಮೊದಲು ಕಣ್ಣುಗೂಡಿನ ಕ್ಷ-ಕಿರಣ ಚಿತ್ರವನ್ನು ತೆಗೆಸುತ್ತಾರೆ.