ಲಿನಕ್ಸಿನಲ್ಲಿ ದತ್ತಸಂಚಯ ತಂತ್ರಾಂಶದ ಸ್ಥಾಪನೆ: ಎರಡು ಮಾರ್ಗಗಳ ಇತಿಹಾಸ

ಕಲಬುರಗಿ ಮತ್ತು ಕಮಲಾಪುರಗಳ ಆಸುಪಾಸಿನ ಗ್ರಾಮನಾಮಗಳನ್ನು ಗಣಕದಲ್ಲಿ ಸಂಗ್ರಹಿಸಹೊರಡುವವನಿಗೆ ಮೊದಲ ತೊಡಕು ಹೆಸರಿನದೇ. ಸರ್ಕಾರಿ ಕಡತಗಳ ‘ಗುಲ್ಬರ್ಗ’ 2014ರ ನವೆಂಬರ್ 1ರಂದು ‘ಕಲಬುರಗಿ’ಯಾಯಿತು, ಆ ತಾಲ್ಲೂಕಿಗೆ ಸೇರಿದ್ದ ಕಮಲಾಪುರ ಇಂದು ತಾನೇ ಒಂದು ತಾಲ್ಲೂಕು. ಹೆಸರು ಬದಲಾದಾಗ ಹಳೆಯದನ್ನೂ ಹೊಸದನ್ನೂ ಕಾಲಸಹಿತವಾಗಿ ಬರೆದಿಡುವುದು ಇತಿಹಾಸಕಾರನ ಧರ್ಮ. ದಾಖಲೆಯನ್ನು ಹೊತ್ತ ತಂತ್ರಾಂಶಕ್ಕೂ ಈ ಧರ್ಮ ಅನ್ವಯಿಸುತ್ತದೆಂದು ತೋರಿಸುವುದೇ ಈ ಕಿರುಲೇಖನದ ಉದ್ದೇಶ.

ದತ್ತವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡಬಹುದೆಂಬ ತತ್ತ್ವವನ್ನು ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದನು. ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಯೋಜನೆಯಿಂದ 1996ರಲ್ಲಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮೂಡಿತು. ಇಷ್ಟರಲ್ಲಿ, 1991ರಲ್ಲಿ, ಲಿನಕ್ಸ್ ಹುಟ್ಟಿತ್ತು. ಅದರ ಮೊದಲ ವರ್ಷಗಳಲ್ಲಿ ಬಳಕೆದಾರನೇ ತಂತ್ರಾಂಶದ ಮೂಲಪಾಠವನ್ನು ತಂದು, ತನ್ನ ಯಂತ್ರದಲ್ಲಿ ಕಟ್ಟಿ, ಕಡತಗಳನ್ನು ಸ್ಥಾನಕ್ಕೆ ಸೇರಿಸಬೇಕಾಗಿತ್ತು. ಬೇಕಾದ ಆವೃತ್ತಿಯನ್ನು ಆರಿಸುವ ಸ್ವಾತಂತ್ರ್ಯ ಇದರ ಗುಣ. ಏನನ್ನು ಎಲ್ಲಿಟ್ಟೆನೆಂಬ ನೆನಪು ಒಬ್ಬನ ತಲೆಯಲ್ಲಿಯೇ ಉಳಿಯುವುದು ಇದರ ದೋಷ.

ಈ ದೋಷಕ್ಕೆ ಪರಿಹಾರವಾಗಿ ಬಂದುದು ಪ್ಯಾಕೇಜ್ ವ್ಯವಸ್ಥೆ. ಡೆಬಿಯನ್ನಿನ ಡಿಪಿಕೆಜಿ, ರೆಡ್ ಹ್ಯಾಟಿನ ಆರ್‌ಪಿಎಂ (1995), 1999ರ ಡೆಬಿಯನ್ 2.1ರೊಡನೆ ಬಂದ ಎಪಿಟಿ ಇವು ಮುಖ್ಯ. ತಂತ್ರಾಂಶವನ್ನೂ ಅದು ಅವಲಂಬಿಸಿದ ಇತರ ಅಂಗಗಳನ್ನೂ ಎಪಿಟಿ ಒಂದೇ ಆಜ್ಞೆಯಿಂದ ತರಿಸುತ್ತದೆ. ಗಮನಾರ್ಹವಾದ ಅಂಶವೆಂದರೆ, ಈ ವ್ಯವಸ್ಥೆಗಳು ಸ್ಥಾಪಿತವಾದ ಪ್ರತಿಯೊಂದು ಕಡತದ ಲೆಕ್ಕವನ್ನೂ ಇಡುತ್ತವೆ. ಎಂದರೆ ಇವೂ ಒಂದು ಬಗೆಯ ದತ್ತಸಂಚಯಗಳೇ.

ಆದರೂ ಹೆಸರನ್ನು ಕುರುಡಾಗಿ ನಂಬಲಾಗದು. ಮೈಎಸ್‌ಕ್ಯೂಎಲ್ 2010ರಲ್ಲಿ ಒರಾಕಲ್ ಸಂಸ್ಥೆಯ ವಶವಾಯಿತು. ಅದರಿಂದ ಕವಲೊಡೆದ ಮರಿಯಾಡಿಬಿ 2009ರಲ್ಲಿಯೇ ಹುಟ್ಟಿತ್ತು. 2017ರ ಡೆಬಿಯನ್ 9ರಲ್ಲಿ ಮೈಎಸ್‌ಕ್ಯೂಎಲ್ ಹೆಸರಿನ ಪೂರ್ವನಿಯೋಜಿತ ಪ್ಯಾಕೇಜನ್ನು ಕೇಳಿದವನಿಗೆ ದೊರೆತುದು ಮರಿಯಾಡಿಬಿ. ಊರಿನ ವಿಷಯದಲ್ಲಿ ಹೆಸರು ಬದಲಾಯಿತು, ಊರು ಉಳಿಯಿತು. ಇಲ್ಲಿ ಹೆಸರು ಉಳಿಯಿತು, ವಸ್ತು ಬದಲಾಯಿತು.

ಇದರ ಫಲ ಸಂಶೋಧಕನಿಗೆ ತಟ್ಟದಿರದು. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಒಂದು ಪ್ರಧಾನ ಆವೃತ್ತಿಯ ದತ್ತಕಡತಗಳನ್ನು ಮುಂದಿನ ಪ್ರಧಾನ ಆವೃತ್ತಿ ನೇರವಾಗಿ ಓದಲಾರದು, ಪರಿವರ್ತನೆ ಆಗಲೇಬೇಕು. ಹತ್ತು ವರ್ಷ ಕೂಡಿಸಿದ ಗ್ರಾಮನಾಮಗಳು ಯಾವ ಆವೃತ್ತಿಯಲ್ಲಿವೆಯೆಂದು ತಿಳಿಯದಿದ್ದರೆ ಅವನ್ನು ಮತ್ತೆ ತೆರೆಯುವುದೇ ಕಷ್ಟ. ಆದುದರಿಂದ ಸಾಮಾನ್ಯವಾಗಿ ಪ್ಯಾಕೇಜ್ ಮಾರ್ಗವೇ ಮೇಲು. ಕೈಯಿಂದ ಕಟ್ಟಬೇಕಾದಲ್ಲಿ ಆವೃತ್ತಿ, ದಿನಾಂಕ, ಸ್ಥಾನಗಳನ್ನು ಬರೆದಿಡತಕ್ಕದ್ದು. ಯಾವ ಮಾರ್ಗವನ್ನು ಹಿಡಿದರೂ ದತ್ತದ ಸರಳ ಪಠ್ಯಪ್ರತಿಯೊಂದನ್ನು ಬೇರೆಡೆ ಕಾಪಾಡುವುದು ಅವಶ್ಯ. ಶಾಸನದ ಪಡಿಯಚ್ಚಿಗೆ ಅದು ದೊರೆತ ಸ್ಥಳವನ್ನು ಬರೆಯದವನನ್ನು ನಾವು ಒಪ್ಪುವುದಿಲ್ಲ. ಈ ವಿಷಯದಲ್ಲಿಯೂ ಒಪ್ಪಬೇಕಾಗಿಲ್ಲ.