ಗುಲಾಬಿಯ ಹೆಸರು ಹೊತ್ತ ನೊಣ

ನಾನು ಓದಿದ್ದು ಬಿ.ಎ., ಕಲಿಸುವುದು ಚರಿತ್ರೆ. ರಾಜರಿಗಿರುವಂತೆ ನೊಣಕ್ಕೂ ಒಂದು ಚರಿತ್ರೆಯುಂಟೆಂದು ತಿಳಿದದ್ದು ಗರಗಸ ನೊಣದ ಬಗ್ಗೆ ಓದಿದಾಗ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಪುಟ್ಟ ಗರಗಸವಿರುತ್ತದೆ. ಅದರಿಂದ ಎಲೆ ಸೀಳಿ ಮೊಟ್ಟೆಯಿಡುತ್ತದೆ. ಹೆಸರಿಗೆ ನೊಣವಾದರೂ ಇದು ಜೇನು, ಕಣಜಗಳ ನೆಂಟ. ಕಣಜದ ಸಣ್ಣ ನಡು ಮಾತ್ರ ಇದಕ್ಕಿಲ್ಲ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಒಂದು ಗರಗಸ ನೊಣಕ್ಕೆ ‘ರೋಸೆ’, ಅಂದರೆ ಗುಲಾಬಿಯದು, ಎಂದು ಹೆಸರಿಟ್ಟ. ಕಪ್ಪು ತಲೆ, ಹಳದಿ ಹೊಟ್ಟೆ, ರೆಕ್ಕೆಯ ಅಂಚಿಗೆ ಕಪ್ಪು ಗೆರೆ. ತೊಡಕೆಂದರೆ, ಇದೇ ರೂಪದ ನೊಣಗಳು ಎರಡಿದ್ದವು. ಒಂದರ ಹುಳು ಗುಲಾಬಿ ಎಲೆ ತಿನ್ನುತ್ತದೆ. ಇನ್ನೊಂದರದು ಟರ್ನಿಪ್, ಸಾಸಿವೆ ತಿನ್ನುತ್ತದೆ. ಬಹುಕಾಲ ಪುಸ್ತಕಗಳು ಗುಲಾಬಿಯ ನೊಣವನ್ನೇ ‘ರೋಸೆ’ ಎಂದವು. ಇಂದು ಆ ಹೆಸರು ಗುಲಾಬಿಯನ್ನು ಮುಟ್ಟದ ಟರ್ನಿಪ್ ನೊಣದ ಪಾಲಾಗಿದೆ!

ಈ ಟರ್ನಿಪ್ ನೊಣ ಸಾಮಾನ್ಯದ್ದಲ್ಲ. ಇದರ ಕಪ್ಪು ಹುಳುಗಳು ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹೊಲಹೊಲಗಳನ್ನೇ ಬರಿದು ಮಾಡಿದ್ದನ್ನು ವಿಲಿಯಂ ಮಾರ್ಷಲ್ 1783ರಲ್ಲಿ ಪ್ರಕಟವಾದ ಪತ್ರದಲ್ಲಿ ವರ್ಣಿಸಿದ. ದನಕುರಿಗಳ ಚಳಿಗಾಲದ ಮೇವೇ ಟರ್ನಿಪ್ ಆಗಿದ್ದ ನಾಡದು. 1838ರಲ್ಲಿ ಜಾರ್ಜ್ ನ್ಯೂಪೋರ್ಟ್ ಇದರ ಮೇಲೆ ಪುಸ್ತಕವನ್ನೇ ಬರೆದ. ಅವನು ಬಳಸಿದ ಹೆಸರು ‘ಸೆಂಟಿಫೋಲಿಯೆ’. ಸೆಂಟಿಫೋಲಿಯಾ ಎಂಬುದೂ ಒಂದು ಗುಲಾಬಿಯೇ!

ಎರಡನ್ನೂ ಬೇರ್ಪಡಿಸುವುದು ಹೇಗೆ? ಬಣ್ಣ ಬಿಟ್ಟು ಮೀಸೆ ನೋಡಬೇಕು. ಗುಲಾಬಿಯ ನೊಣದ ಮೀಸೆಗೆ ಮೂರೇ ಗಿಣ್ಣು, ಮೂರನೆಯದು ಉದ್ದ. ಟರ್ನಿಪ್ ನೊಣದ ಗಿಡ್ಡ ಮೀಸೆಗೆ ಹತ್ತರ ಆಸುಪಾಸು ಗಿಣ್ಣು, ತುದಿ ದಪ್ಪ. ಹುಳುಗಳಲ್ಲೂ ಭೇದವುಂಟು: ಗುಲಾಬಿಯದು ಹಸಿರು, ಬೆನ್ನು ಹಳದಿ, ಮೈಮೇಲೆ ಕಪ್ಪು ಚುಕ್ಕೆ.

ನಮ್ಮ ದೇಶದಲ್ಲೂ ಇದರ ದಾಯಾದಿಯೊಂದಿದೆ. ತಂಪು ತಿಂಗಳುಗಳಲ್ಲಿ ಮೂಲಂಗಿ, ಸಾಸಿವೆ ಎಲೆ ತೂತು ಮಾಡುವ ಕಪ್ಪು-ಹಸಿರು ಹುಳು ಅದರದು. ಮುಟ್ಟಿದರೆ ಸುರುಳಿಯಾಗಿ ಉದುರಿ ಸತ್ತಂತೆ ಬೀಳುತ್ತದೆ. ಚಿಟ್ಟೆಯ ಹುಳುವೆಂದುಕೊಳ್ಳಬೇಡಿ. ಎದೆಯ ಮೂರು ಜೊತೆ ಕಾಲು ಬಿಟ್ಟು ಹಿಂದಿನ ಮೆತ್ತನೆಯ ಹುಸಿಕಾಲು ಎಣಿಸಿ. ಚಿಟ್ಟೆ, ಪತಂಗಗಳ ಹುಳುವಿಗೆ ಹೆಚ್ಚೆಂದರೆ ಐದು ಜೊತೆ; ಇದಕ್ಕೆ ಎಂಟು. ಈ ಎಣಿಕೆ ಬರಿಯ ಪಾಂಡಿತ್ಯವಲ್ಲ. ಕೋಸಿನ ಪತಂಗದ ಹುಳುವಿಗೆಂದು ಸಿಂಪಡಿಸುವ ಬಿ.ಟಿ. ಜೈವಿಕ ಔಷಧಿ ಗರಗಸ ನೊಣದ ಹುಳುವಿಗೆ ನಾಟುವುದಿಲ್ಲ. ಗುರುತು ತಪ್ಪಿದರೆ ದುಡ್ಡೂ ಹೋಯಿತು, ಮೂಲಂಗಿಯೂ ಹೋಯಿತು.

ದೊಡ್ಡವರು ಇಟ್ಟ ಹೆಸರು ಇನ್ನೂರೈವತ್ತು ವರ್ಷ ದಾಟಿಯೂ ಬಾಳುತ್ತದೆ. ಅದು ಸರಿಯೋ ತಪ್ಪೋ ಎಂದು ಹೇಳುವುದು ಮಾತ್ರ ಆ ಬಡಪಾಯಿ ನೊಣದ ಮೀಸೆಯೇ.